ದ್ವಾರಸಮುದ್ರದ ಆಟ ಈಗ ಬ್ರೌಸರಿನಲ್ಲಿ

1311ರ ಫೆಬ್ರವರಿಯಲ್ಲಿ ದೆಹಲಿಯ ದಂಡನಾಯಕ ಮಲಿಕ್ ಕಾಫೂರನ ದಂಡು ಹೊಯ್ಸಳರ ರಾಜಧಾನಿ ದ್ವಾರಸಮುದ್ರದ, ಅಂದರೆ ಈಗಿನ ಹಳೇಬೀಡಿನ, ಮುಂದೆ ಬಂದು ನಿಂತಾಗ ಅರಸ ಮೂರನೆಯ ವೀರಬಲ್ಲಾಳ ಊರಲ್ಲಿರಲಿಲ್ಲ. ಪಾಂಡ್ಯರಲ್ಲಿ ಸುಂದರಪಾಂಡ್ಯ, ವೀರಪಾಂಡ್ಯ ಎಂಬ ಅಣ್ಣತಮ್ಮಂದಿರು ಪಟ್ಟಕ್ಕಾಗಿ ಕಿತ್ತಾಡುತ್ತಿದ್ದರು. ಅದೇ ಸಮಯ ನೋಡಿ, ಹೊಯ್ಸಳರ ಕೈಬಿಟ್ಟುಹೋಗಿದ್ದ ತಮಿಳು ಸೀಮೆಯನ್ನು ಮತ್ತೆ ಹಿಡಿಯಲು ಬಲ್ಲಾಳ ದಕ್ಷಿಣಕ್ಕೆ ಹೋಗಿದ್ದ. ಸುದ್ದಿ ಮುಟ್ಟಿ ಹಿಂದಿರುಗುವ ಹೊತ್ತಿಗೆ ತಡವಾಗಿತ್ತು. ಆನೆ, ಕುದುರೆ, ಬೊಕ್ಕಸ ಒಪ್ಪಿಸಿ ಸಂಧಿ ಮಾಡಿಕೊಂಡ.

ನಮ್ಮ ಬೋರ್ಡ್ ಆಟ ಹುಟ್ಟಿದ್ದು ಈ ಗೈರುಹಾಜರಿಯಿಂದ. ನಾಲ್ಕು ಜನ ಆಡುವ ಆಟ: ಹೊಯ್ಸಳ, ದೆಹಲಿ, ಪಾಂಡ್ಯ, ಮತ್ತು ತುಂಗಭದ್ರೆಯ ದಡದ ಪುಟ್ಟ ರಾಜ್ಯ ಕಂಪಿಲಿ. ಉತ್ತರಕ್ಕೆ ದೇವಗಿರಿ, ಓರುಗಲ್ಲು (ಈಗಿನ ವಾರಂಗಲ್), ದಕ್ಷಿಣಕ್ಕೆ ಮದುರೆ, ಪಶ್ಚಿಮಕ್ಕೆ ಬಾರಕೂರು. ಇಷ್ಟರ ನಡುವಿನ ನೆಲ ಪೂರ್ತಿ ನಕ್ಷೆಯಲ್ಲಿದೆ. 1310ರಲ್ಲಿ ಶುರುವಾಗಿ 1346ಕ್ಕೆ, ಹೊಯ್ಸಳರ ಕೊನೆಯ ವರ್ಷಕ್ಕೆ, ಮುಗಿಯುತ್ತದೆ. ಹೊಯ್ಸಳರ ಕಡೆಯವರು ಅರಸನ ಕಾಯಿಯನ್ನು ಪ್ರತಿ ಸರದಿಯಲ್ಲೂ ಎಲ್ಲೋ ಒಂದು ಕಡೆ ಇಡಲೇಬೇಕು. ಅರಸ ಇದ್ದ ಕಡೆ ಬಲ ಇಮ್ಮಡಿ, ಇಲ್ಲದ ಕಡೆ ಕೋಟೆ ಬರೀ ಗೋಡೆ. ದೆಹಲಿಯ ದಂಡು ಎಲ್ಲರಿಗಿಂತ ದೊಡ್ಡದು, ಆದರೆ ಅದು ದಕ್ಷಿಣದಲ್ಲಿ ಬೀಡುಬಿಟ್ಟು ಕೂರುವಂತಿಲ್ಲ, ಬಂದು ದೋಚಿ ಹಿಂದಿರುಗಬೇಕು. ಕಾಫೂರ 1310ರ ನವೆಂಬರಿನಲ್ಲಿ ದೆಹಲಿ ಬಿಟ್ಟವನು 1311ರ ಅಕ್ಟೋಬರಿಗೆ ವಾಪಸು ಸೇರಿದ. ಒಂದು ವರ್ಷವೂ ತುಂಬಿಲ್ಲ. ಆಟದಲ್ಲೂ ದೆಹಲಿಗೆ ಅಷ್ಟೇ ಅವಕಾಶ.

ನಿಯಮಗಳನ್ನು ಬರೆದವರು ನಮ್ಮ ಮೇಷ್ಟ್ರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು, ಹಳೇಬೀಡಿನ ಹತ್ತಿರದ ಹಳ್ಳಿಯಲ್ಲಿದ್ದಾರೆ. ನಾನು ಅವರ ಹಳೇ ವಿದ್ಯಾರ್ಥಿನಿ. ಹಾಸನದಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಉಳಿದಿಬ್ಬರು ನನ್ನ ತಮ್ಮ ಮತ್ತು ಕಾಲೇಜಿನಿಂದ ಜೊತೆಗಿರುವ ಗೆಳತಿ. ಬೋರ್ಡನ್ನು ಫ್ಲೆಕ್ಸ್ ಅಂಗಡಿಯಲ್ಲಿ, ಕಾರ್ಡುಗಳನ್ನು ಮದುವೆ ಕರೆಯೋಲೆ ಹಾಕುವ ಪ್ರೆಸ್ಸಿನಲ್ಲಿ ಮಾಡಿಸಿದ್ದೆವು. ವರ್ಷಗಟ್ಟಲೆ ನಮ್ಮ ಮನೆಯ ಹಾಲಿನಲ್ಲಿ ಆಡಿದ್ದೇವೆ. ಆಮೇಲೆ ತಮ್ಮ ಕೆಲಸದ ಮೇಲೆ ಕೆನಡಾಕ್ಕೆ ಹೋದ. ಗೆಳತಿ ಮೂಡಿಗೆರೆ ಕಡೆ ತೋಟದ ಮನೆಗೆ ಸೊಸೆಯಾಗಿ ಹೋಗಿ ತೋಟದ ಲೆಕ್ಕಪತ್ರವನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದಾಳೆ. ಮೇಷ್ಟ್ರಿಗೆ ಮಂಡಿನೋವು, ಬಸ್ಸು ಹತ್ತಿ ಹಾಸನಕ್ಕೆ ಬರುವುದು ಕಷ್ಟ. ಆಟ ನಿಂತಿತು. ನಿಲ್ಲಬಾರದು ಅಂತ ನನಗೆ ಅನ್ನಿಸಿತು. ಅದಕ್ಕೇ ಈ ಕೆಲಸ.

ಇಂಥ ಆಟಗಳನ್ನು ದೂರದಲ್ಲಿರುವವರು ಕೂಡಿ ಆಡುವುದು ಇಂಟರ್ನೆಟ್ಟಿಗಿಂತ ಹಳೆಯದು. ಮೊದಲ ಮಹಾಯುದ್ಧದ ಹಿಂದಿನ ಯುರೋಪನ್ನು ಇಟ್ಟುಕೊಂಡು ಆಲನ್ ಕ್ಯಾಲಮರ್ ಮಾಡಿದ 'ಡಿಪ್ಲೊಮಸಿ' 1959ರಲ್ಲಿ ಬಂತು, 1963ರಿಂದ ಜನ ಅದನ್ನು ಅಂಚೆಯಲ್ಲಿ ಆಡಿದರು. ಅಪ್ಪಣೆಗಳನ್ನು ಕಾಗದದಲ್ಲಿ ಬರೆದು ಕಳಿಸುವುದು, ಮಧ್ಯಸ್ಥರೊಬ್ಬರು ಎಲ್ಲವನ್ನೂ ಒಟ್ಟಿಗೆ ತೆರೆದು ಫಲಿತಾಂಶ ಹೇಳುವುದು. ಆ ಆಟಕ್ಕೆ ಅಂಚೆ ಒಗ್ಗಿತು, ಏಕೆಂದರೆ ಅದರಲ್ಲಿ ಎಲ್ಲರೂ ಒಟ್ಟಿಗೇ ನಡೆಸುತ್ತಾರೆ. ಒಬ್ಬರ ನಡೆಯ ಮಧ್ಯೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ನಮ್ಮದು ಹಾಗಲ್ಲ. 1993ರಲ್ಲಿ ಮಾರ್ಕ್ ಹರ್ಮನ್ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೇಲೆ ಮಾಡಿದ 'ವಿ ದ ಪೀಪಲ್' ಇಂದ ಶುರುವಾದ ಕಾರ್ಡಿನ ಆಟಗಳ ಪರಂಪರೆಗೆ ಸೇರಿದ್ದು ಇದು. ಅದೇ ಪರಂಪರೆಯ 'ಟ್ವಿಲೈಟ್ ಸ್ಟ್ರಗಲ್' ಆಡಿದವರಿಗೆ ಗೊತ್ತಿರುತ್ತದೆ: ಕೈಯಲ್ಲಿರುವ ಒಂದೇ ಕಾರ್ಡನ್ನು ಅದರ ಮೇಲಿನ ಅಂಕಿಯಷ್ಟು ಬಲವೆಂದಾದರೂ ಬಳಸಬಹುದು, ಅದರಲ್ಲಿ ಬರೆದ ಘಟನೆಯಾಗಿಯಾದರೂ ಬಳಸಬಹುದು. ನಮ್ಮ ಆಟದಲ್ಲಿ ಇವುಗಳ ಜೊತೆಗೆ ಕೆಂಪಂಚಿನ ತಡೆ ಕಾರ್ಡುಗಳಿವೆ. ಅವನ್ನು ಬೇರೆಯವರ ಸರದಿಯ ಮಧ್ಯದಲ್ಲೇ ಹಾಕಬಹುದು.

ಕಷ್ಟವೆಲ್ಲ ಈ ಕೆಂಪಂಚಿನಲ್ಲಿದೆ. ನಿಯಮದ ಲೆಕ್ಕ ಕಂಪ್ಯೂಟರಿಗೆ ಸುಲಭ. ಕುದುರೆ ಎಷ್ಟು ಮನೆ ನಡೆಯಬಹುದು, ಮುತ್ತಿಗೆಗೆ ಎಷ್ಟು ದಾಳ, ಕಪ್ಪ ಎಷ್ಟು, ಇವೆಲ್ಲ ಕೂಡಿಸಿ ಕಳೆಯುವ ಕೆಲಸ. ಯಾರು ಯಾರನ್ನು ಯಾವಾಗ ತಡೆಯಬಹುದು ಅನ್ನುವುದು ಮಾತ್ರ ಬೇರೆ ತರಹದ ಪ್ರಶ್ನೆ.

ಮೇಜಿನ ಮೇಲೆ ನಡೆಯುತ್ತಿದ್ದದ್ದು ಹೀಗೆ. ದೆಹಲಿಯವನು, ಅಂದರೆ ನನ್ನ ತಮ್ಮ, ದಂಡನ್ನು ದೇವಗಿರಿಯಿಂದ ಎತ್ತಿ ದ್ವಾರಸಮುದ್ರದ ಕಡೆ ಸರಿಸುತ್ತಾನೆ. ಸರಿಸುವಾಗಲೇ ನಮ್ಮ ಮೂವರ ಮುಖ ನೋಡುತ್ತಾನೆ. ಹೊಯ್ಸಳರ ಕಡೆಯ ಮೇಷ್ಟ್ರು ಕನ್ನಡಕ ಮೇಲೆ ಸರಿಸಿ, 'ತಡಿಯಪ್ಪ, ಒಂದ್ನಿಮಿಷ' ಅನ್ನುತ್ತಾರೆ. 'ಅರಸ ಹಿಂತಿರುಗಿದ' ಅನ್ನುವ ಕಾರ್ಡ್ ಹಾಕಿ ಬಲ್ಲಾಳನನ್ನು ತಮಿಳು ಸೀಮೆಯಿಂದ ರಾಜಧಾನಿಗೆ ತರುತ್ತಾರೆ. ಆಗ ಪಾಂಡ್ಯರ ಕಡೆಯ ನನ್ನ ಗೆಳತಿ 'ಮೇಷ್ಟ್ರೇ, ಕ್ಷಮಿಸಿ' ಎನ್ನುತ್ತ 'ದಾರಿ ಕಟ್ಟು' ಹಾಕಿ ಅರಸನನ್ನು ಘಟ್ಟದ ಕೆಳಗೇ ನಿಲ್ಲಿಸುತ್ತಾಳೆ. ಅದಕ್ಕೂ ಮೇಷ್ಟ್ರ ಹತ್ತಿರ ಉತ್ತರ ಇರಬಹುದು. ಕಂಪಿಲಿಯ ನಾನು ಮಧ್ಯೆ ಕುದುರೆ ಮಾರಲು ಹೊರಡಬಹುದು. ಇಷ್ಟೆಲ್ಲ ಆಗುವುದು ಅರ್ಧ ನಿಮಿಷದಲ್ಲಿ. ಯಾರೂ ಯಾರನ್ನೂ ಕೇಳುವುದಿಲ್ಲ, ಬೇಕಾದವರು ಬಾಯಿ ತೆರೆಯುತ್ತಾರೆ.

ಆನ್‌ಲೈನಿನಲ್ಲಿ ನಾಲ್ವರೂ ಒಂದೇ ಹೊತ್ತಿನಲ್ಲಿ ಇರುವುದಿಲ್ಲ. ತಮ್ಮ ನಡೆಸುವಾಗ ನಮಗೆ ನಡುರಾತ್ರಿ. ತಡೆಯುವ ಹಕ್ಕಿರುವವರನ್ನು ಸರ್ವರ್ ನಿಲ್ಲಿಸಿ ಕೇಳಲೇಬೇಕು. ಯಾರನ್ನು ಕೇಳುವುದು? ಕಾರ್ಡ್ ಇರುವವರನ್ನು ಮಾತ್ರ ಕೇಳಿದರೆ ಗುಟ್ಟು ರಟ್ಟಾಯಿತು. ಆಟ ಮೇಷ್ಟ್ರಿಗಾಗಿ ಕಾಯುತ್ತಿದೆ ಅಂತ ಪರದೆ ತೋರಿಸಿದರೆ ಅವರ ಕೈಯಲ್ಲಿ ತಡೆ ಕಾರ್ಡ್ ಇದೆ ಅಂತ ಎಲ್ಲರಿಗೂ ತಿಳಿಯಿತು. ಎಲ್ಲರನ್ನೂ ಪ್ರತಿ ಸಲವೂ ಕೇಳಿದರೆ ಒಂದು ದಂಡಯಾತ್ರೆ ಮುಗಿಯಲು ವಾರ ಬೇಕು, ಕೇಳಿಸಿಕೊಂಡವರಲ್ಲಿ ಹೆಚ್ಚಿನವರು 'ಏನೂ ಇಲ್ಲ' ಅನ್ನುವ ಬಟನ್ ಒತ್ತುವುದಕ್ಕೇ ಎದ್ದು ಬರಬೇಕು.

ಇದಕ್ಕೆ ನಾನು ಕಂಡುಕೊಂಡ ದಾರಿಗೆ 'ಮುಂಗಡ ಅಪ್ಪಣೆ' ಅಂತ ಕರೆದಿದ್ದೇನೆ. ನಿಮ್ಮ ಸರದಿ ಮುಗಿಸಿ ಹೊರಡುವ ಮುಂಚೆ ಸರ್ವರಿಗೆ ಹೇಳಿ ಹೋಗಬಹುದು: ದೆಹಲಿಯ ದಂಡು ನನ್ನ ಗಡಿ ಮುಟ್ಟಿದರೆ ಮಾತ್ರ ನನ್ನನ್ನು ಎಬ್ಬಿಸು, ಬೇರೆ ಯಾವುದಕ್ಕೂ ನನ್ನ ತಡೆ ಇಲ್ಲ. ಅಥವಾ ಈ ಸುತ್ತು ಪೂರ್ತಿ ನಾನು ಸುಮ್ಮನಿರುತ್ತೇನೆ. ಅಥವಾ ಏನೇ ಆದರೂ ಕೇಳು. ಕೈಯಲ್ಲಿ ತಡೆ ಕಾರ್ಡ್ ಇದ್ದರೂ ಇಲ್ಲದಿದ್ದರೂ ಈ ಮೂರು ಆಯ್ಕೆ ಎಲ್ಲರಿಗೂ ಒಂದೇ ಥರ ಕಾಣುತ್ತವೆ. ಕಾರ್ಡೇ ಇಲ್ಲದವರು ಬೇಕೆಂದೇ 'ಏನೇ ಆದರೂ ಕೇಳು' ಇಟ್ಟು ಹೆದರಿಸಬಹುದು. ಮೇಜಿನ ಮುಂದೆ ಸುಮ್ಮನೆ ಕಾರ್ಡುಗಳ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದ ನನ್ನ ಗೆಳತಿಯ ತಂತ್ರ ಅದು, ಹಾಗೇ ಉಳಿದುಕೊಂಡಿತು. ಪರದೆಯ ಮೇಲೆ 'ಉತ್ತರಕ್ಕೆ ಕಾಯಲಾಗುತ್ತಿದೆ' ಅಂತ ಮಾತ್ರ ಬರುತ್ತದೆ, ಯಾರ ಉತ್ತರ ಅಂತ ಬರುವುದಿಲ್ಲ. ಉತ್ತರ ಎಷ್ಟು ಹೊತ್ತಿಗೆ ಬಂತು ಅನ್ನುವುದನ್ನೂ ತೋರಿಸುವುದಿಲ್ಲ. ತಕ್ಷಣ ಬಂದ ಉತ್ತರ ಮುಂಗಡದ್ದು, ತಡವಾದದ್ದು ಯೋಚಿಸಿ ಕೊಟ್ಟದ್ದು ಅಂತ ನನ್ನ ತಮ್ಮನಂಥವನು ಲೆಕ್ಕ ಹಾಕಿಬಿಡುತ್ತಾನೆ.

ತಡೆಗೆ ತಡೆ, ಅದಕ್ಕೂ ತಡೆ ಬಂದಾಗ ಕೋಡಿನಲ್ಲಿ ಏನಾಗುತ್ತದೆ ಅಂತ ಕೇಳುವವರಿಗೆ: ಗೋದಾಮಿನಲ್ಲಿ ಕಾಫಿ ಮೂಟೆ ಒಟ್ಟಿದ ಹಾಗೆ, ಕೊನೆಗೆ ಇಟ್ಟದ್ದು ಮೊದಲು ಇಳಿಯುತ್ತದೆ. ದೆಹಲಿಯ ದಂಡಯಾತ್ರೆ ತಳದಲ್ಲಿ, ಅದರ ಮೇಲೆ ಅರಸನ ಹಿಂತಿರುಗುವಿಕೆ, ಅದರ ಮೇಲೆ ಪಾಂಡ್ಯರು ಕಟ್ಟಿದ ದಾರಿ. ಮೊದಲು ದಾರಿಯ ವಿಷಯ ತೀರ್ಮಾನ, ಆಮೇಲೆ ಅರಸ ಮುಟ್ಟಿದನೋ ಇಲ್ಲವೋ, ಕೊನೆಗೆ ಕೋಟೆಯ ಮುಂದೆ ಕಾಳಗ. ಪ್ರತಿ ಹಂತವೂ ಡೇಟಾಬೇಸಿನಲ್ಲಿ ಬರೆದಿರುತ್ತದೆ. ಮಧ್ಯದಲ್ಲಿ ಕರೆಂಟು ಹೋಗಿ ಮೂರು ದಿನ ಬಿಟ್ಟು ಬಂದರೂ ಆಟ ಅದೇ ಜಾಗದಲ್ಲಿ ನಿಂತಿರುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ ಕಡೆ ಕರೆಂಟಿನ ಕಥೆ ಗೊತ್ತಿರುವವರಿಗೆ ಇದು ಎಷ್ಟು ಮುಖ್ಯ ಅಂತ ಹೇಳಬೇಕಾಗಿಲ್ಲ.

ಗಡಿಯಾರ ಇಡು ಅಂತ ತಮ್ಮ ಬಹಳ ಒತ್ತಾಯ ಮಾಡಿದ. ಇಷ್ಟು ಗಂಟೆಯಲ್ಲಿ ಉತ್ತರ ಬರದಿದ್ದರೆ ಹಕ್ಕು ಹೋಗಲಿ ಅಂತ. ನಾನು ಒಪ್ಪಲಿಲ್ಲ. ಕೊಯ್ಲಿನ ಕಾಲದಲ್ಲಿ ಗೆಳತಿ ಆಳುಗಳ ಬಟವಾಡೆ ಮುಗಿಸಿ, ತೂಕದ ಲೆಕ್ಕ ಬರೆದು, ಊಟ ಮಾಡಿ ಟೆರೇಸಿನ ಒಂದು ಮೂಲೆಗೆ ಹೋದರೆ ಮಾತ್ರ ಸಿಗ್ನಲ್ ಸಿಗುತ್ತದೆ. ಗಡಿಯಾರ ಇಟ್ಟರೆ ಆಟ ಅವಳದ್ದಾಗಿ ಉಳಿಯುವುದಿಲ್ಲ, ಇಂಟರ್ನೆಟ್ ಚೆನ್ನಾಗಿರುವವರದ್ದಾಗುತ್ತದೆ. ಮೇಷ್ಟ್ರು ಈ ವಾದದಲ್ಲಿ ನನ್ನ ಕಡೆ ನಿಂತರು, ಆದರೆ ಅವರ ಕಾರಣ ಬೇರೆ. 'ಗಡುವು ಕೊಟ್ಟೇ ಕಣಮ್ಮ ಬಲ್ಲಾಳ ಕೆಟ್ಟಿದ್ದು' ಅಂದರು.

1340ರ ದಶಕದ ಶುರುವಿನಲ್ಲಿ ಬಲ್ಲಾಳ, ಆ ಹೊತ್ತಿಗೆ ಬಹಳ ವಯಸ್ಸಾಗಿದ್ದವನು, ಮದುರೆ ಸುಲ್ತಾನರ ಕಣ್ಣನೂರು ಕೊಪ್ಪದ ಕೋಟೆಯನ್ನು ಮುತ್ತಿದ್ದ. ಒಳಗಿದ್ದವರ ದವಸ ಮುಗಿಯುತ್ತಾ ಬಂದಿತ್ತು. ಕೋಟೆ ಬಿಟ್ಟುಕೊಡುವ ಬಗ್ಗೆ ನಮ್ಮ ಸುಲ್ತಾನನನ್ನು ಕೇಳಬೇಕು, ಸಮಯ ಕೊಡಿ ಅಂದರು. ಬಲ್ಲಾಳ ಕೊಟ್ಟ. ಆ ಬಿಡುವಿನಲ್ಲಿ ಮದುರೆಯ ಘಿಯಾಸುದ್ದೀನ್ ದಂಡು ಕಟ್ಟಿಕೊಂಡು ಬಂದು, ಕಾಳಗದ ನಿರೀಕ್ಷೆಯೇ ಇಲ್ಲದೆ ಇದ್ದ ಹೊಯ್ಸಳರ ಪಾಳೆಯದ ಮೇಲೆ ಬಿದ್ದ. ಬಲ್ಲಾಳ ಸೆರೆಸಿಕ್ಕು ಹತನಾದ. ಆ ಕಾಲದಲ್ಲೇ ಮದುರೆಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. ನಮ್ಮ ಆಟದಲ್ಲಿ ಇದು ಮದುರೆಯ ಕಡೆಯವರ ಕಾರ್ಡ್ (ಪಾಂಡ್ಯರಾಗಿ ಆಡುವವರೇ ಕೊನೆಯ ಸುತ್ತುಗಳಲ್ಲಿ ಮದುರೆ ಸುಲ್ತಾನರಾಗುತ್ತಾರೆ). ಮುತ್ತಿಗೆ ಹಾಕಿದವರನ್ನು 'ಕಾಯುತ್ತೀರಾ?' ಅಂತ ಕೇಳುತ್ತದೆ. ಕಾಯದೆ ನುಗ್ಗಿದರೆ ದೊಡ್ಡ ನಷ್ಟ ಖಂಡಿತ. ಕಾದರೆ ಕೋಟೆ ಬಿಟ್ಟಿಯಾಗಿ ಸಿಗಬಹುದು, ತಲೆಯೂ ಹೋಗಬಹುದು. ಮೇಜಿನ ಮೇಲೆ ಆಡುವಾಗ ಈ ಪ್ರಶ್ನೆಗೆ ಮೇಷ್ಟ್ರು ಯಾವತ್ತೂ ಬೇಗ ಉತ್ತರ ಕೊಟ್ಟಿಲ್ಲ. ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದರು. ಆನ್‌ಲೈನಿನಲ್ಲಿ ಈ ಪ್ರಶ್ನೆಯನ್ನು ಅವರು ರಾತ್ರಿಯೆಲ್ಲ ತಲೆಯಲ್ಲಿಟ್ಟುಕೊಂಡು ಬೆಳಿಗ್ಗೆ ಉತ್ತರ ಕೊಡಬಹುದು. ಬೋರ್ಡಿಗಿಂತ ಇಲ್ಲಿ ಈ ಕಾರ್ಡಿಗೆ ತೂಕ ಜಾಸ್ತಿ ಬಂದಿದೆ ಅಂತ ನನಗನ್ನಿಸುತ್ತದೆ.

ಗುಟ್ಟಿನ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಬೇರೆಯವರ ಕಾರ್ಡುಗಳನ್ನು ಬ್ರೌಸರಿಗೆ ಕಳಿಸಿ ಪರದೆಯಲ್ಲಿ ಮಾತ್ರ ಮುಚ್ಚಿಡುವುದು ಸರಿಯಲ್ಲ. ಬ್ರೌಸರಿನ ಒಳಗೆ ಇಣುಕಿ ನೋಡುವುದು ಗೊತ್ತಿರುವ ಯಾರಾದರೂ ಎರಡು ನಿಮಿಷದಲ್ಲಿ ಓದಿಬಿಡುತ್ತಾರೆ. ಅದಕ್ಕೆ ಆಟದ ಪೂರ್ತಿ ಸ್ಥಿತಿ ಸರ್ವರಿನಲ್ಲಿ ಮಾತ್ರ ಇರುತ್ತದೆ. ನಾಲ್ಕು ಜನಕ್ಕೆ ನಾಲ್ಕು ಬೇರೆ ಬೇರೆ ನೋಟ ತಯಾರಾಗಿ ಹೋಗುತ್ತದೆ. ಮೇಷ್ಟ್ರಿಗೆ ಹೋಗುವ ಮಾಹಿತಿಯಲ್ಲಿ ನನ್ನ ಕಾರ್ಡುಗಳ ಎಣಿಕೆ ಇರುತ್ತದೆ, ಹೆಸರು ಇರುವುದಿಲ್ಲ. ಈ ಕ್ರಮವನ್ನು ನಾನು ಕಲಿತದ್ದು 'ರ‍್ಯಾಲಿ ದ ಟ್ರೂಪ್ಸ್' ತಾಣದಿಂದ. ಐತಿಹಾಸಿಕ ಯುದ್ಧದ ಆಟಗಳನ್ನು ಬ್ರೌಸರಿನಲ್ಲಿ ಪುಕ್ಕಟೆ ಆಡಲು ಬಿಡುವ ತಾಣ ಅದು. ಟೋರ್ ಆಂಡರ್ಸನ್ ಕಟ್ಟಿದ್ದು, ಕೋಡ್ ಓದಲು ತೆರೆದಿದೆ. ಅಲ್ಲಿ ನಿಯಮವನ್ನು ಯಂತ್ರವೇ ಕಾಯುತ್ತದೆ, ನಡೆಯನ್ನು ಮನುಷ್ಯರೇ ಆರಿಸಬೇಕು. ಹಳೆಯ 'ವ್ಯಾಸಲ್' ಪ್ರೋಗ್ರಾಂ ಬೇರೆ ಜಾತಿಯದು. ಅದು ಬೋರ್ಡು, ಕಾಯಿ, ದಾಳ ಕೊಡುತ್ತದೆ, ನಿಯಮ ಬಹುಮಟ್ಟಿಗೆ ಆಡುವವರ ತಲೆಯಲ್ಲಿರಬೇಕು. ನಾಲ್ಕು ಜನ ಒಟ್ಟಿಗೆ ಕೂತು ಮಾತಾಡುತ್ತ ಆಡುವುದಾದರೆ ಅದು ಸಾಕು, ಎಷ್ಟೋ ಸಲ ಅದೇ ಚಂದ. ವಾರಕ್ಕೊಂದು ನಡೆ ಇಡುವವರಿಗೆ ನಿಯಮ ಮರೆತುಹೋಗಿರುತ್ತದೆ. ಪುಸ್ತಕ ಹುಡುಕುವುದರಲ್ಲೇ ಉತ್ಸಾಹ ಆರಿಹೋಗುತ್ತದೆ. ಅಂಥವರಿಗಾಗಿ ಯಂತ್ರ ನಿಯಮ ನೆನಪಿಟ್ಟುಕೊಳ್ಳಬೇಕು.

ನಡೆ ವಾಪಸು ಪಡೆಯುವುದಕ್ಕೂ ಒಂದು ಕಟ್ಟಳೆ ಇದೆ. ಮೊಬೈಲಿನಲ್ಲಿ ಬೆರಳು ತಪ್ಪಿ ಬೇರೆ ಕೋಟೆ ಒತ್ತುವುದು ಸಹಜ, ವಾಪಸು ಬೇಕೇ ಬೇಕು. ಆದರೆ ದಾಳ ಉರುಳಿದ ಮೇಲೆ, ಹೊಸ ಕಾರ್ಡ್ ತೆಗೆದ ಮೇಲೆ, ಇನ್ನೊಬ್ಬರ ಕಾಯಿಯ ಮುಖ ಕಂಡ ಮೇಲೆ ವಾಪಸಿಲ್ಲ. ಕಂಡದ್ದನ್ನು ಕಾಣಲಿಲ್ಲ ಅನ್ನಿಸುವುದಕ್ಕೆ ಆಗುವುದಿಲ್ಲ.

ಕನ್ನಡದಲ್ಲೇ ಪೂರ್ತಿ ಮಾಡಬೇಕು ಅನ್ನುವುದು ಮೊದಲ ದಿನದಿಂದ ನನ್ನ ಹಟ. ಅದರ ಕೆಲಸ ಬೇರೆಯೇ ಇತ್ತು, ಮತ್ತು ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟ ಕೆಲಸ ಅದು. 'ದ್ವಾರಸಮುದ್ರ' ಕಣ್ಣಿಗೆ ಐದು ಅಕ್ಷರ: ದ್ವಾ, ರ, ಸ, ಮು, ದ್ರ. ಯೂನಿಕೋಡಿನಲ್ಲಿ ಅದು ಹನ್ನೊಂದು ಸಂಕೇತ. ಅಕ್ಷರ ಎಣಿಸಿ ಪೆಟ್ಟಿಗೆಯ ಅಗಲ ನಿರ್ಧರಿಸುವ ಕೋಡ್ ಇಲ್ಲಿ ನಡೆಯುವುದಿಲ್ಲ. ಬ್ರೌಸರ್ ಹೆಸರನ್ನು ಬರೆದ ಮೇಲೆ ಅದು ಎಷ್ಟು ಜಾಗ ತಿಂದಿತು ಅಂತ ಅಳೆದು ಪೆಟ್ಟಿಗೆ ಹಾಕಬೇಕು. ಸಾಲುಗಳ ನಡುವೆ ಇಂಗ್ಲಿಷಿಗೆ ಇಡುವಷ್ಟೇ ಅಂತರ ಇಟ್ಟರೆ ಒತ್ತಕ್ಷರದ ಕಾಲು ಕೆಳಗಿನ ಸಾಲಿಗೆ ತಾಗುತ್ತದೆ. ನದಿಯ ಬಳುಕಿಗೆ ತಕ್ಕಂತೆ ಹೆಸರನ್ನು ಬಾಗಿಸುವ ಆಸೆಯನ್ನು ಬಿಟ್ಟು ತುಂಗಭದ್ರೆ, ಕಾವೇರಿ, ಹೇಮಾವತಿ ಎಲ್ಲವನ್ನೂ ನೆಟ್ಟಗೇ ಬರೆದೆ. ಓದಲು ಅದೇ ಸ್ಪಷ್ಟ.

ಆಮೇಲೆ ವಿಭಕ್ತಿ. ಪ್ರತಿ ನಡೆಯನ್ನೂ ಸರ್ವರ್ ಒಂದು ವಾಕ್ಯವಾಗಿ ಬರೆದಿಡುತ್ತದೆ. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಖಾಲಿ ಜಾಗಕ್ಕೆ ತುಂಬಿದರೆ ವಾಕ್ಯ ಆಗಿಬಿಡುತ್ತದೆ. ನಮ್ಮಲ್ಲಿ ಕಂಪಿಲಿಯಿಂದ, ದ್ವಾರಸಮುದ್ರದಿಂದ, ಬಾರಕೂರಿನಿಂದ. ಮದುರೆಗೆ, ದ್ವಾರಸಮುದ್ರಕ್ಕೆ, ಬಾರಕೂರಿಗೆ. ಕೋಡಿನಿಂದ ಪ್ರತ್ಯಯ ಅಂಟಿಸುವ ಬದಲು ಪ್ರತಿ ಊರಿಗೂ ಬೇಕಾದ ರೂಪಗಳನ್ನೆಲ್ಲ ಕೈಯಾರೆ ಒಂದು ಪಟ್ಟಿಯಲ್ಲಿ ಬರೆದೆ. ನಕ್ಷೆಯಲ್ಲಿರುವ ಊರುಗಳು ಕಡಿಮೆ, ಒಂದು ಮಧ್ಯಾಹ್ನದ ಕೆಲಸ ಅದು. ಮೇಷ್ಟ್ರು ಪಟ್ಟಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ಕಳಿಸಿದರು.

ದಿನಾಂಕ ಹೇಗಿರಬೇಕು ಅಂತಲೂ ಅವರೇ ಹೇಳಿದರು. ಶಾಸನದಲ್ಲಿ ಬರೆಯುವ ಕ್ರಮದಲ್ಲಿ: ಮೊದಲು ಶಕ ವರ್ಷ, ಸಂವತ್ಸರ, ಆಮೇಲೆ ಯಾರು, ಎಲ್ಲಿ, ಏನು ಮಾಡಿದರು. ಅವರ ಊರಿನಿಂದ ಹಳೇಬೀಡಿಗೆ ಹೋಗಿ ಒಂದು ಸಂಜೆ ಕೆರೆ ಏರಿಯ ಮೇಲೆ ಕೂತು ಈ ಮಾತಾಡಿದೆವು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ದೇವಸ್ಥಾನದ ಹತ್ತಿರ ಜನವೋ ಜನ. ಕೋಟೆ ಗೋಡೆಯ ಉಳಿಕೆಗಳ ಕಡೆ ಬರುವವರು ಕಡಿಮೆ. ಮೇಷ್ಟ್ರು ಕಡ್ಡಿಯಲ್ಲಿ ಮಣ್ಣಿನ ಮೇಲೆ ಗೆರೆ ಎಳೆದು, ಕಾಫೂರ ಯಾವ ಕಡೆಯಿಂದ ಬಂದಿರಬಹುದು, ಬಲ್ಲಾಳ ಯಾವ ಕಡೆಯಿಂದ ಬರಬೇಕಿತ್ತು ಅಂತ ತೋರಿಸುತ್ತಿದ್ದರು. ಆಟದ ನಕ್ಷೆಯಲ್ಲಿ ಆ ಎರಡು ದಾರಿಗಳನ್ನೂ ಅಂದೇ ತಿದ್ದಿದೆವು. ಅರಸನಿಗೆ ಒಂದು ಮನೆ ಜಾಸ್ತಿ ದೂರವಾಯಿತು. ಹೊಯ್ಸಳರ ಪರ ಆಡುವವರು ತಾವೇ ತಮ್ಮ ವಿರುದ್ಧ ನಿಯಮ ಬಿಗಿ ಮಾಡಿಕೊಂಡರು ಅನ್ನುವುದನ್ನು ಇಲ್ಲಿ ಬರೆದಿಡಬೇಕು.

ಸಂವತ್ಸರದ ಲೆಕ್ಕ ಕೋಡ್ ಬರೆಯುವವರಿಗೆ ಇಷ್ಟವಾಗಬಹುದು. ನಮ್ಮ ದಕ್ಷಿಣದ ಕ್ರಮದಲ್ಲಿ ಅರವತ್ತು ಹೆಸರು ತಪ್ಪದೆ ಸುತ್ತುತ್ತವೆ. 1987ರ ಯುಗಾದಿಗೆ ಪ್ರಭವ ಶುರುವಾಯಿತು. ಯಾವ ವರ್ಷದ ಯುಗಾದಿಯೋ ಅದರಿಂದ 1987 ಕಳೆದು, ಅರವತ್ತರಿಂದ ಭಾಗಿಸಿ, ಶೇಷ ನೋಡಿದರೆ ಹೆಸರು ಸಿಕ್ಕಿತು. ಜಾವಾಸ್ಕ್ರಿಪ್ಟಿನಲ್ಲಿ ಹಿಂದಿನ ಕಾಲಕ್ಕೆ ಹೋದರೆ ಶೇಷ ಋಣವಾಗಿ ಬರುತ್ತದೆ, ಅದಕ್ಕೆ ಅರವತ್ತು ಕೂಡಿಸಬೇಕು. 1310ಕ್ಕೆ ಕಳೆದರೆ ಮೈನಸ್ 677, ಶೇಷ ಮೈನಸ್ 17, ಅರವತ್ತು ಕೂಡಿಸಿದರೆ 43. ಪ್ರಭವವನ್ನು ಸೊನ್ನೆ ಅಂತ ಎಣಿಸಿಕೊಂಡು ಬಂದರೆ ಅದು ಸಾಧಾರಣ. ಕಾಫೂರ ಬಂದ ಫೆಬ್ರವರಿ ಇನ್ನೂ ಆ ಸಂವತ್ಸರದ್ದೇ, ಶಕ 1232. ಲೆಕ್ಕ ಸರಿಯೋ ಅಂತ ನೋಡಲು 1336 ಹಾಕಿದೆ. ಶಕ 1258, ಧಾತು ಅಂತ ಬಂತು. ವಿಜಯನಗರ ಸ್ಥಾಪನೆಗೆ ಪರಂಪರೆಯಿಂದ ಹೇಳುವ ಸಂವತ್ಸರ ಅದೇ. ಈಗ ದಾಖಲೆ ಹೀಗೆ ಓದಿಸಿಕೊಳ್ಳುತ್ತದೆ: 'ಶಕ 1232, ಸಾಧಾರಣ ಸಂವತ್ಸರ. ದೆಹಲಿಯ ದಂಡು ದೇವಗಿರಿಯಿಂದ ದ್ವಾರಸಮುದ್ರಕ್ಕೆ ನಡೆಯಿತು. ಅರಸ ಊರಲ್ಲಿಲ್ಲ.' ಒಂದು ಆಟ ಮುಗಿದ ಮೇಲೆ ಮೇಷ್ಟ್ರು ಇದನ್ನು ಪ್ರಿಂಟ್ ತೆಗೆಸಿಕೊಂಡು ಫೈಲಿನಲ್ಲಿಡುತ್ತಾರೆ.

ಸಂಧಾನದ ಬಗ್ಗೆ ನಮ್ಮಲ್ಲಿ ದೊಡ್ಡ ಚರ್ಚೆಯೇ ಆಯಿತು. 1327ರ ಕಾರ್ಡೊಂದಿದೆ. ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಓಡಿ ಬಂದು ಕಂಪಿಲಿಯಲ್ಲಿ ಆಶ್ರಯ ಕೇಳುತ್ತಾನೆ. ಕಂಪಿಲಿದೇವ ಕೊಟ್ಟ, ರಾಜ್ಯವೂ ಜೀವವೂ ಹೋಯಿತು. ಗುರ್ಶಾಸ್ಪ್ ಅಲ್ಲಿಂದ ಬಲ್ಲಾಳನ ಹತ್ತಿರ ಹೋದ, ಬಲ್ಲಾಳ ಅವನನ್ನು ದೆಹಲಿಗೆ ಒಪ್ಪಿಸಿದ. ಈ ಕಾರ್ಡ್ ಬಂದಾಗ ನಾಲ್ವರೂ ಒಟ್ಟಿಗೆ ಮಾತಾಡುತ್ತಿದ್ದೆವು, ಕೂಗುತ್ತಿದ್ದೆವು, ಒಬ್ಬರನ್ನೊಬ್ಬರು ಅಡುಗೆಮನೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟುತ್ತಿದ್ದೆವು.

ಇದನ್ನು ಬಟನ್ನುಗಳಲ್ಲಿ ಹಿಡಿಯುವುದಕ್ಕೆ ನಾನು ಹೋಗಲಿಲ್ಲ. ಈಗಲೇ ಕೈ ಬದಲಾಯಿಸಬಹುದಾದದ್ದು, ಅಂದರೆ ಹೊನ್ನು, ಕುದುರೆ, ಕಾರ್ಡ್, ಸರ್ವರಿನ ಮೂಲಕ ನಡೆಯುತ್ತದೆ. ಒಬ್ಬರು ಮುಂದಿಡುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ, ಎರಡೂ ಒಂದೇ ಗಳಿಗೆಯಲ್ಲಿ ಕೈ ಬದಲಾಗುತ್ತದೆ. ನಾಳೆಯ ಮಾತು ಮಾತ್ರ ಯಂತ್ರದ ಹೊರಗೆ. 'ಅಕ್ಕ, ಚಾಟ್ ಹಾಕೋದು ಎಷ್ಟೊತ್ತಿನ ಕೆಲ್ಸ ನಿಂಗೆ' ಅಂತ ತಮ್ಮ ಕೇಳಿದ. ಹೆಚ್ಚು ಹೊತ್ತಿನ ಕೆಲಸವಲ್ಲ, ನಿಜ. ಆದರೆ ಬರೆದು ಕೊಟ್ಟ ಮಾತು ದಾಖಲೆಯಲ್ಲಿ ಕೂತರೆ ಅದನ್ನು ಮುರಿಯುವಾಗ ಆಗುವ ಮುಜುಗರ ಬೇರೆ. ಜನ ಮಾತು ಕೊಡುವುದನ್ನೇ ನಿಲ್ಲಿಸುತ್ತಾರೆ. ಫೋನ್ ಮಾಡಿ ಮಾತಾಡೋಣ ಅಂದೆ. ಅದರಿಂದಾದ ಲಾಭ ನಾನು ಎಣಿಸಿರದಿದ್ದದ್ದು: ಗುರ್ಶಾಸ್ಪನ ದೆಸೆಯಿಂದ ತಮ್ಮ ಈಗ ಮೇಷ್ಟ್ರಿಗೆ ವಾರದಲ್ಲಿ ಒಂದೆರಡು ಸಲವಾದರೂ ಫೋನ್ ಮಾಡುತ್ತಾನೆ. ಮೇಷ್ಟ್ರು ಅವನಿಗೆ ಅಲ್ಲಿನ ಹಿಮದ ಬಗ್ಗೆ ಕೇಳುತ್ತಾರೆ, ಊಟದ ಬಗ್ಗೆ ಕೇಳುತ್ತಾರೆ, ಕೊನೆಗೆ ಕುದುರೆಯ ಬೆಲೆಗೆ ಬರುತ್ತಾರೆ.

ಮೊಬೈಲ್ ಪರದೆಯ ತೊಂದರೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಮೇಷ್ಟ್ರ ಫೋನಿನಲ್ಲಿ ದೇವಗಿರಿಯಿಂದ ಮದುರೆವರೆಗೆ ಒಟ್ಟಿಗೆ ಕಾಣಬೇಕೆಂದರೆ ಅಕ್ಷರ ಇರುವೆಯಷ್ಟಾಗುತ್ತದೆ. ಸದ್ಯಕ್ಕೆ ನೀವು ಕಳೆದ ಸಲ ನೋಡಿದ ಮೇಲೆ ಎಲ್ಲಿ ಏನು ಬದಲಾಗಿದೆಯೋ ಆ ಭಾಗಕ್ಕೆ ನಕ್ಷೆ ತಾನೇ ಹೋಗಿ ನಿಲ್ಲುತ್ತದೆ, ಒಂದೊಂದಾಗಿ ತೋರಿಸುತ್ತದೆ. ನಕ್ಷೆಯ ಚಿತ್ರ ಒಂದು ಸಲ ಇಳಿದರೆ ಸಾಕು, ಆಮೇಲೆ ಹೋಗಿಬರುವುದು ಬರೀ ಅಕ್ಷರ. ಟೆರೇಸಿನ ಮೂಲೆಯ ಸಿಗ್ನಲ್ಲಿಗೆ ಅದು ಹೊರೆಯಾಗುವುದಿಲ್ಲ.

'ಡಿಪ್ಲೊಮಸಿ' ಆಡುವವರಿಂದ ಕಲಿತ ಇನ್ನೊಂದು ವಿಷಯ ಪರೀಕ್ಷೆಗಳ ಪಟ್ಟಿ. ಆ ಆಟದ ತೀರ್ಪು ಹೇಳುವ ಪ್ರೋಗ್ರಾಂ ಸರಿಯಿದೆಯೇ ಅಂತ ನೋಡಲು ಲೂಕಾಸ್ ಕ್ರೌಸ್‌ವೈಕ್ ಎಂಬವರು ಎಲ್ಲ ಬಗೆಯ ತೊಡಕಿನ ಸನ್ನಿವೇಶಗಳನ್ನು ಒಂದು ಕಡೆ ಬರೆದಿಟ್ಟಿದ್ದಾರೆ, ಒಂದೊಂದಕ್ಕೂ ಬರಬೇಕಾದ ಫಲಿತಾಂಶದ ಸಮೇತ. ನಾನೂ ಅಂಥದ್ದೊಂದು ಇಟ್ಟಿದ್ದೇನೆ. ಗುರ್ಶಾಸ್ಪ್ ದ್ವಾರಸಮುದ್ರಕ್ಕೆ ಓಡಿ ಬಂದಾಗ ದ್ವಾರಸಮುದ್ರವೇ ಮುತ್ತಿಗೆಯಲ್ಲಿದ್ದರೆ? ಕಂಪಿಲಿ ಬಿದ್ದ ಮೇಲೆ ಆ ಕಡೆಯವರು ವಿಜಯನಗರ ಕಟ್ಟಿದ ಸಂಗಮ ಸಹೋದರರಾಗಿ ಮರಳುತ್ತಾರೆ. ಆ ಹೊತ್ತಿಗೆ ಅವರ ಕೈಯಲ್ಲಿ ಉಳಿದ ತಡೆ ಕಾರ್ಡಿನ ಗತಿಯೇನು? 1335ರ ಸುಮಾರಿಗೆ ಮದುರೆ ದೆಹಲಿಯಿಂದ ಬೇರೆಯಾದಾಗ ಪಾಂಡ್ಯರ ಕಡೆಯವರು ಮದುರೆ ಸುಲ್ತಾನರಾಗುತ್ತಾರೆ. ಅವರು ಹಿಂದೆ ಕೊಟ್ಟಿದ್ದ ಮುಂಗಡ ಅಪ್ಪಣೆ ಊರ್ಜಿತವೇ? ಮೇಷ್ಟ್ರು ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ತೀರ್ಪು ಬರೆದು ಫೋಟೊ ಕಳಿಸುತ್ತಾರೆ. ನಾನು ಅದನ್ನು ಪರೀಕ್ಷೆಯಾಗಿ ಬರೆಯುತ್ತೇನೆ. ಕೋಡ್ ಬದಲಾಯಿಸಿದಾಗಲೆಲ್ಲ ಅಷ್ಟೂ ಪರೀಕ್ಷೆ ಓಡುತ್ತವೆ. ಮುಂಗಡ ಅಪ್ಪಣೆಯ ಬಗ್ಗೆ ಅವರ ತೀರ್ಪು: ವಂಶ ಬದಲಾದರೆ ಹಳೆಯ ಅಪ್ಪಣೆ ರದ್ದು.

ಸದ್ಯಕ್ಕೆ ಉಳಿದಿರುವ ದೊಡ್ಡ ಕೆಲಸ 1343ರ ನಂತರದ ಕೊನೆಯ ಸುತ್ತು. ಮುಮ್ಮಡಿ ಬಲ್ಲಾಳ ಸತ್ತ ಮೇಲೂ ಹೊಯ್ಸಳರ ಕಡೆಯವರು ನಾಲ್ವಡಿ ಬಲ್ಲಾಳನ ಹೆಸರಿನಲ್ಲಿ 1346ರವರೆಗೆ ಆಡಬೇಕು. ಬೋರ್ಡಿನಲ್ಲಿ ಆ ಸುತ್ತು ಯಾವಾಗಲೂ ಬೇಗ ಮುಗಿದುಹೋಗುತ್ತಿತ್ತು, ಆಗಲೇ ರಾತ್ರಿಯಾಗಿ ಎಲ್ಲರೂ ದಣಿದಿರುತ್ತಿದ್ದರು. ಇಲ್ಲಿ ದಣಿವಿನ ಮಾತಿಲ್ಲವಾದ್ದರಿಂದ ಆ ಸುತ್ತಿಗೆ ಹೊಸ ಕಾರ್ಡುಗಳನ್ನು ಮೇಷ್ಟ್ರು ಬರೆಯುತ್ತಿದ್ದಾರೆ. ಎರಡನೆಯ ಕೋಣೆಯೊಂದನ್ನೂ ತೆರೆದಿದ್ದೇನೆ, ನಮ್ಮ ನಾಲ್ವರಲ್ಲದ ಬೇರೆಯವರಿಗಾಗಿ. ದೆಹಲಿ, ಪಾಂಡ್ಯ, ಕಂಪಿಲಿಗೆ ಹಾಸನದ ಮೂವರು ಕಾಲೇಜು ಹುಡುಗರು ಸಿಕ್ಕಿದ್ದಾರೆ. ಹೊಯ್ಸಳರಿಗೆ ಇನ್ನೂ ಯಾರೂ ಇಲ್ಲ. ನಿಯಮ ಗೊತ್ತಿರಬೇಕಾಗಿಲ್ಲ, ಯಂತ್ರ ತೋರಿಸುತ್ತದೆ. ವಾರಕ್ಕೆ ಎರಡು ಮೂರು ಸಲ ಬಂದು ನೋಡುವಷ್ಟು ವ್ಯವಧಾನ ಇದ್ದರೆ ಸಾಕು. ಆಸಕ್ತಿ ಇರುವವರು ಕೆಳಗೆ ಬರೆಯಿರಿ.